ಸಿ.ಟಿ. ಸ್ಕ್ಯಾನಿಗೆ ಏನು ಕೇಳಬೇಕು?

ಕುಷ್ಟಗಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಬೈಕಿನಿಂದ ಬಿದ್ದವನ ತಲೆಯ ಮೇಲೆ ಗಾಯವೇ ಇರಲಿಕ್ಕಿಲ್ಲ. ಒಳಗೆ ರಕ್ತ ಸೋರುತ್ತಿದೆಯೇ? ಸಾದಾ ಎಕ್ಸರೇ ಹೇಳಲಾರದು. ಅದು ಹಿಂದಿನದನ್ನೂ ಮುಂದಿನದನ್ನೂ ಒಂದೇ ನೆರಳಾಗಿ ಅದುಮುತ್ತದೆ. ಸಿ.ಟಿ. ಯಂತ್ರ ಅದೇ ಕಿರಣವನ್ನು ತಲೆಯ ಸುತ್ತ ತಿರುಗಿಸಿ, ಒಂದೊಂದು ಕೋನದಲ್ಲೂ ಎಷ್ಟು ಆಚೆ ದಾಟಿತೆಂದು ಅಳೆದು, ಅಡ್ಡಸೀಳನ್ನು ಲೆಕ್ಕದಿಂದಲೇ ಕಟ್ಟುತ್ತದೆ. ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಸೀಳಿನ ಪ್ರತಿ ಬಿಂದುವಿಗೂ ಒಂದು ಸಂಖ್ಯೆ: ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಮಿದುಳು ಸುಮಾರು 30-40, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60-80. ಪರದೆಯ ಮೇಲಿನ ಬಿಳಿ ಕಲೆ ಎಂದರೆ ಈ ಅಂತರವೇ.

ಈ ಅಳತೆಗೆ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಹೆಸರಿದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಅವರ ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿತು. 1979ರಲ್ಲಿ ಇದೇ ಕೆಲಸಕ್ಕೆ ಅವರಿಗೂ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. ನಾವು ಮರೆತಿರುವುದು ಬೇರೆ: ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ, ನೆರಳುಗಳಿಂದ ಚಿತ್ರ ಕಟ್ಟುವ ಸರಳ ಗಣಿತವನ್ನು ಪ್ರಕಟಿಸಿದರು. ನೆರಳುಗಳನ್ನು ಹಾಗೇ ಒಂದರ ಮೇಲೊಂದು ಹರವಿದರೆ ಚಿತ್ರ ಮಬ್ಬು. ಮೊದಲು ಜರಡಿ ಹಿಡಿಯಬೇಕು. ಆ ಜರಡಿಗೆ ಪಠ್ಯಪುಸ್ತಕಗಳಲ್ಲಿ ಇಂದಿಗೂ 'ರಾಮ್-ಲಾಕ್' ಎಂದೇ ಹೆಸರು.

ಯಂತ್ರದ ನಿಜವಾದ ಬೆಲೆ ಗೊತ್ತಾಗುವುದು ಲಕ್ವಾ ಹೊಡೆದಾಗ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಆದರೆ ಮಿದುಳಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಮದ್ದು ಜೀವಕ್ಕೆ ಮುಳುವು. ಎರಡರಲ್ಲಿ ಯಾವುದೆಂದು ಕೈ ಮುಟ್ಟಿ ಹೇಳುವ ವೈದ್ಯರಿಲ್ಲ; ರಕ್ತಸ್ರಾವವನ್ನು ಸಿ.ಟಿ. ತೋರಿಸುತ್ತದೆ. ಯಲಬುರ್ಗಾದ ಹಳ್ಳಿಯಲ್ಲಿ ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿ ಹುಡುಕುತ್ತಾ ಕಳೆದ ಗಂಟೆಯನ್ನು ಯಾವ ಯಂತ್ರವೂ ಹಿಂದಿರುಗಿಸದು.

ಇಷ್ಟು ಹರಿತವಾದ ಸಾಧನವನ್ನು ನಾವು ಬಳಸುವ ರೀತಿ ಮಾತ್ರ ಮೊಂಡು. 2021ರ ಕೊರೊನಾ ಅಲೆಯಲ್ಲಿ ಶ್ವಾಸಕೋಶಕ್ಕೆ ಎಷ್ಟು ಹಾನಿಯಾಗಿದೆಯೆಂದು ಹೇಳುವ, ಎದೆಯ ಸ್ಕ್ಯಾನಿನ 'ಸ್ಕೋರ್' ಪರೀಕ್ಷೆಯ ಅಂಕದಂತಾಗಿತ್ತು. ಉಸಿರಾಟ ಸರಿಯಿದ್ದವರೂ ಸಾಲು ನಿಂತರು. ಎದೆಯ ಒಂದು ಸಿ.ಟಿ.ಯಲ್ಲಿ ಹತ್ತಾರು ಎಕ್ಸರೇಗಳಷ್ಟು ವಿಕಿರಣವಿದೆಯೆಂದು ಸಾಲಿನಲ್ಲಿದ್ದವರಿಗೆ ಹೇಳಿದವರು ಕಡಿಮೆ. ಸಾದಾ ತಲೆನೋವಿಗೂ 'ಒಂದ್ಸಲ ಸ್ಕ್ಯಾನ್ ಮಾಡಿಸಿಬಿಡೋಣ' ಎನ್ನುವುದು ಕೊಪ್ಪಳವಿರಲಿ, ಗಂಗಾವತಿಯಿರಲಿ, ರೂಢಿಯ ಮಾತು. 'ನಾರ್ಮಲ್' ವರದಿಯೂ ಯಾವಾಗಲೂ ಅಭಯವಲ್ಲ: ಹೆಪ್ಪಿನಿಂದಾದ ಲಕ್ವಾ ಮೊದಲ ಗಂಟೆಗಳಲ್ಲಿ ಸಿ.ಟಿ.ಯಲ್ಲಿ ಕಾಣದೇ ಹೋಗಬಹುದು.

ಸ್ಕ್ಯಾನ್ ಬರೆದುಕೊಟ್ಟ ವೈದ್ಯರನ್ನು, ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ. ಹುಬ್ಬಳ್ಳಿಗೋ ಬಳ್ಳಾರಿಗೋ ಕಳಿಸಿದರೆ ಸ್ಕ್ಯಾನಿನ ಸಿ.ಡಿ. ಪಡೆದೇ ಹೊರಡಿ; ಏಕೆಂದರೆ ಫಿಲ್ಮಿನಲ್ಲಿ ಅಚ್ಚಾಗಿರುವುದು ಆಯ್ದ ಕೆಲವು ಸೀಳುಗಳು ಮಾತ್ರ.