ಕೂತಲ್ಲೇ ಕೂತ ನೀರಿನ ಹಾಡು

ನೀರಿನ ಹಾಡೆಂದರೆ ನಮಗೆ ಹುಟ್ಟು ಹಾಕುವ ಲಯ; ಕುವೆಂಪು ಅವರ ದೋಣಿಯ ಪದ್ಯವೂ ಮುಂದಕ್ಕೇ ಹೊರಟದ್ದು. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ ಅವರ ‘ಡಾಕ್ ಆಫ್ ದ ಬೇ’ ಮಾತ್ರ ಕೂತಲ್ಲಿಂದ ಏಳುವುದೇ ಇಲ್ಲ. 1967ರ ಆಗಸ್ಟಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸಾಸಲಿಟೊದಲ್ಲಿ ದೋಣಿಮನೆಯೊಂದರಲ್ಲಿ ತಂಗಿದ್ದಾಗ ಹೊಳೆದದ್ದು: ಕಟ್ಟೆಯ ಮೇಲೊಬ್ಬ, ಬಂದುಹೋಗುವ ಹಡಗು, ಇಳಿಯುವ ಉಬ್ಬರ. ಅಷ್ಟೇ ಸಾಮಗ್ರಿ. ಮೆಂಫಿಸ್‌ನಲ್ಲಿ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಜೊತೆ ಕೂತು ಅದನ್ನು ಪೂರ್ತಿ ಮಾಡಿದರು. ವೇದಿಕೆಯಲ್ಲಿ ಬೆವರಿಳಿಸಿ ಅಬ್ಬರಿಸುತ್ತಿದ್ದ ಗಂಟಲು ಇಲ್ಲಿ ಮಾತಾಡುವಷ್ಟಕ್ಕೆ ತಗ್ಗಿದೆ. ಕೊನೆಗೆ ಮಾತೂ ಬಿಟ್ಟು ಬರೀ ಶಿಳ್ಳೆ. (ನನಗಂತೂ ಇಡೀ ಹಾಡಿಗಿಂತ ಆ ಶಿಳ್ಳೆಯೇ ಹೆಚ್ಚು.) ಅಲೆಗಳ, ಕಡಲಹಕ್ಕಿಗಳ ಸದ್ದನ್ನು ಕ್ರಾಪರ್ ಆಮೇಲೆ ಸೇರಿಸಿದರು. ಡಿಸೆಂಬರ್ 10ರಂದು ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು, 26ರ ಹರೆಯದಲ್ಲಿ. 1968ರಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.