ವಾಸಿ ಅಂದರೆ ಯಾವುದಕ್ಕಿಂತ ವಾಸಿ?

ಕಳೆದ ವರ್ಷ ನನ್ನ ಫೈಲಿನಲ್ಲಿ ನರರೋಗ ತಜ್ಞರು ಎರಡು ಪದ ಬರೆದರು: ಫಾರ್ಮಕೊಲಾಜಿಕ್ ರೆಮಿಷನ್. ಪುಣೆಯ ಆಸ್ಪತ್ರೆಯಿಂದ ಆಟೋದಲ್ಲಿ ಮನೆಗೆ ಬರುವಾಗ ತಿಪಟೂರಿಗೆ ಫೋನ್ ಮಾಡಿದೆ. ಅಮ್ಮನಿಗೆ ಹೇಳಲು ಕನ್ನಡದ ಪದ ಸಿಗಲಿಲ್ಲ. 'ಕಾಯಿಲೆ ಈಗ ಸುಮ್ಮನಿದೆಯಂತೆ' ಅಂದೆ. 'ಹಾಗಾದ್ರೆ ವಾಸಿ ಆಯ್ತಾ?' ಅಂದಳು. ಹೌದು ಅಂದರೆ ಸುಳ್ಳು, ಇಲ್ಲ ಅಂದರೆ ಅವಳು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ.

ನನ್ನ ಕಾಯಿಲೆಯ ಹೆಸರು ಮೈಯಸ್ತೀನಿಯಾ ಗ್ರೇವಿಸ್. ಹೇಳಿದರೆ ಹಳಬರು 'ಅಮಿತಾಭ್ ಬಚ್ಚನ್‌ಗೆ ಬಂದಿತ್ತಲ್ಲ, ಅದಾ?' ಅನ್ನುತ್ತಾರೆ. ಹೌದು, ಅದೇ. ದೇಹದ ರಕ್ಷಣಾ ವ್ಯವಸ್ಥೆ, ನರವೂ ಸ್ನಾಯುವೂ ಸೇರುವ ಜಾಗದ ಮೇಲೆ ತಾನೇ ದಾಳಿ ಮಾಡುತ್ತದೆ. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋತುಬೀಳುತ್ತದೆ, ಊಟದ ಅರ್ಧಕ್ಕೆ ದವಡೆ ಸೋಲುತ್ತದೆ, ಪುಟದ ಮೇಲಿನ ಸಾಲು ಎರಡಾಗುತ್ತದೆ. ಓದುವವರಿಗೆ ಇದಕ್ಕಿಂತ ಕೆಟ್ಟ ಕಾಯಿಲೆ ಇಲ್ಲ. ರೆಮಿಷನ್ ಎಂದರೇನು ಎಂದು ಅಮೆರಿಕದ ಮೈಯಸ್ತೀನಿಯಾ ಫೌಂಡೇಶನ್‌ನ ತಜ್ಞರ ತಂಡ 2000ರಲ್ಲಿ ಪಟ್ಟಾಗಿ ಕೂತು ಬರೆಯಿತು. ಪೂರ್ಣ ರೆಮಿಷನ್ ಅನ್ನಬೇಕಾದರೆ ಕನಿಷ್ಠ ಒಂದು ವರ್ಷ ಲಕ್ಷಣವೂ ಇರಬಾರದು, ಚಿಕಿತ್ಸೆಯೂ ಇರಬಾರದು. ತಜ್ಞರು ಹುಡುಕಿದರೂ ಯಾವ ಸ್ನಾಯುವಿನಲ್ಲೂ ನಿಶ್ಶಕ್ತಿ ಕಾಣಬಾರದು. ರೆಪ್ಪೆ ಮುಚ್ಚುವ ಸ್ನಾಯು ಒಂದಕ್ಕೆ ಮಾತ್ರ ಮಾಫಿ. ಆ ಮಾಫಿ ನನಗೆ ಬಹಳ ಇಷ್ಟ. ನವ್ಯ, ಬಂಡಾಯ ಅಂತ ವ್ಯಾಖ್ಯಾನ ಬರೆದ ನಮ್ಮ ವಿಮರ್ಶಕರು ಯಾರಾದರೂ ಇಷ್ಟು ಪ್ರಾಮಾಣಿಕವಾಗಿ ಒಂದು ಮಾಫಿ ಸೇರಿಸಿದ್ದಾರೆಯೇ? ನನ್ನದು ಎರಡನೆಯ ದರ್ಜೆ: ಉಳಿದದ್ದೆಲ್ಲ ಹಾಗೆಯೇ, ಆದರೆ ಮಾತ್ರೆ ನುಂಗುತ್ತಾ.

ಅಂದಿನಿಂದ ಈ ಸ್ಥಿತಿಯ ಬಗ್ಗೆ ಬರೆದ ಪುಸ್ತಕಗಳನ್ನು ಹುಡುಕಿ ಓದುತ್ತಿದ್ದೇನೆ. ಅವುಗಳ ಮೇಲೆ ನನಗೊಂದು ತಕರಾರಿದೆ. ಒಂದರ ಮೇಲಿನ ತಕರಾರಿನಲ್ಲಿ ನನ್ನದೂ ಪಾಲಿದೆ.

ಸುಸಾನಾ ಕ್ಯಾಹಲನ್ ಅವರ 'ಬ್ರೇನ್ ಆನ್ ಫೈರ್' 2012ರಲ್ಲಿ ಬಂತು. ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ 24 ವರ್ಷದ ವರದಿಗಾರ್ತಿಗೆ 2009ರಲ್ಲಿ ಭ್ರಮೆ, ಸೆಳವು, ಮಾತು ತಡವರಿಸುವುದು ಶುರುವಾಗುತ್ತದೆ. ಕುಡಿತ, ಒತ್ತಡ, ಮನೋರೋಗ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಡಾ. ಸುಹೇಲ್ ನಜ್ಜಾರ್ ಅವಳ ಕೈಗೆ ಪೆನ್ನು ಕೊಟ್ಟು ಗಡಿಯಾರ ಬರೆಯಲು ಹೇಳುತ್ತಾರೆ. ಅವಳು ಅಂಕಿಗಳನ್ನೆಲ್ಲ ಬಲಗಡೆಯ ಅರ್ಧದಲ್ಲೇ ತುರುಕುತ್ತಾಳೆ. ಮೆದುಳಿನ ಒಂದು ಭಾಗ ಉರಿಯುತ್ತಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ರೋಗದ ಹೆಸರು ಆ್ಯಂಟಿ ಎನ್‌ಎಮ್‌ಡಿಎ ರಿಸೆಪ್ಟರ್ ಎನ್ಸೆಫಲೈಟಿಸ್; ವೈದ್ಯಲೋಕ ಅದನ್ನು ಗುರುತಿಸಿದ್ದು ಬರೀ ಎರಡು ವರ್ಷ ಮುಂಚೆ, 2007ರಲ್ಲಿ.

ಪುಸ್ತಕ ಅದ್ಭುತವಾಗಿ ಓದಿಸಿಕೊಳ್ಳುತ್ತದೆ. ತನಗೆ ನೆನಪೇ ಇಲ್ಲದ ಒಂದು ತಿಂಗಳನ್ನು ಆಕೆ ಆಸ್ಪತ್ರೆಯ ವಿಡಿಯೊ, ಕೇಸ್ ಪೇಪರ್, ಅಪ್ಪ ಬರೆದ ದಿನಚರಿಯಿಂದ ವರದಿಗಾರ್ತಿಯ ಶಿಸ್ತಿನಲ್ಲಿ ಕಟ್ಟಿಕೊಡುತ್ತಾರೆ. ಆದರೆ ಅದರ ಮೈಕಟ್ಟು ಪತ್ತೇದಾರಿಯದು. ಗಡಿಯಾರದ ಪುಟ ಬಂದ ಮೇಲೆ ಓದುಗರ ಉಸಿರು ಸಡಿಲವಾಗುತ್ತದೆ. ಮೂರನೆಯ ಭಾಗದಲ್ಲಿ ಕೆಲಸಕ್ಕೆ ಮರಳುವುದು, ತಾನು ಮೊದಲಿನವಳೇ ಹೌದೇ ಎಂಬ ಅನುಮಾನ, ಮರುಕಳಿಸುವ ಭಯ ಎಲ್ಲವೂ ಇದೆ. ನಾನು ಅದನ್ನು ಎರಡು ರಾತ್ರಿಯಲ್ಲಿ ಓದಿದಾಗ ಆ ಭಾಗವನ್ನು ಮುಗಿದ ಸಿನಿಮಾದ ಹೆಸರುಗಳ ಹಾಗೆ ಓಡಿಸಿಬಿಟ್ಟೆ.

ಅದು ನನ್ನ ಮೊದಲ ರೆಮಿಷನ್‌ನ ಕಾಲ. ಕಳ್ಳ ಸಿಕ್ಕಿದ, ಕಥೆ ಮುಗಿಯಿತು ಅನ್ನಿಸಿತ್ತು. ದೊಡ್ಡಮ್ಮ ಬೇರೆ ಪ್ರತಿ ಭಾನುವಾರ ಫೋನಿನಲ್ಲಿ 'ವಾಸಿ ಆದ್ಮೇಲೂ ಯಾಕೆ ಮಗಳೇ ಆ ವಿಷ ನುಂಗ್ತೀಯ' ಅನ್ನುತ್ತಿದ್ದರು. ಯಾರಿಗೂ ಹೇಳದೆ ಅಜಥಯೋಪ್ರಿನ್ ಬಿಟ್ಟೆ. ನಾಲ್ಕು ತಿಂಗಳು ಏನೂ ಆಗಲಿಲ್ಲ. ಐದನೆಯ ತಿಂಗಳು ಸಹೋದ್ಯೋಗಿಯ ಮನೆಯಲ್ಲಿ ಭಾಕ್ರಿ ಅಗಿಯುತ್ತಾ, ಬಾಯಿ ಮುಚ್ಚಿಕೊಳ್ಳಲು ಗಲ್ಲಕ್ಕೆ ಕೈ ಆನಿಸಿ ಕೂತೆ. ಅವರು ನಾನೇನೋ ಯೋಚಿಸುತ್ತಿದ್ದೇನೆ ಅಂದುಕೊಂಡರು. ಮುಂದಿನ ವಾರ ಆಸ್ಪತ್ರೆ, ಐದು ದಿನ ಐವಿಐಜಿ. ಇದಕ್ಕೆ ಕ್ಯಾಹಲನ್ ಹೊಣೆಯಲ್ಲ, ದೊಡ್ಡಮ್ಮನೂ ಅಲ್ಲ. ಆದರೂ ಒಂದು ಪುಸ್ತಕದ ಆಕಾರ ಓದುವವರ ಕೈಯಲ್ಲಿ ಏನು ಮಾಡಿಸಬಹುದು ಎಂಬುದಕ್ಕೆ ನನ್ನ ಹತ್ತಿರ ಬಿಲ್ ಸಮೇತ ಪುರಾವೆ ಇದೆ.

ಸಾರಾ ಮ್ಯಾಂಗುಸೊ ಅವರ 'ದ ಟೂ ಕೈಂಡ್ಸ್ ಆಫ್ ಡಿಕೇ' (2008) ಓದಿದ್ದು ಆ ಆಸ್ಪತ್ರೆವಾಸದ ನಂತರ. ಅವರಿಗೆ 1995ರಲ್ಲಿ, ಕಾಲೇಜಿನಲ್ಲಿದ್ದಾಗ, ಸಿಐಡಿಪಿ ಎಂಬ ಅಪರೂಪದ ಕಾಯಿಲೆ ಬಂತು. ಅಲ್ಲಿ ದಾಳಿ ನರದ ಹೊದಿಕೆಯ ಮೇಲೆ. ರಕ್ತದ ಪ್ಲಾಸ್ಮಾ ತೆಗೆದು ಬೇರೆ ದ್ರವ ತುಂಬುವಾಗ ಒಳಗಿನಿಂದ ಹಬ್ಬುವ ಚಳಿಯ ಬಗ್ಗೆ ಬರೆದ ಪುಟಗಳನ್ನು ಓದಿ ನಾನು ಮೇ ತಿಂಗಳಲ್ಲಿ ರಗ್ಗು ಹೊದ್ದುಕೊಂಡೆ. ರೋಗ ಸುಮ್ಮನಾಗಿ ಏಳು ವರ್ಷ ಕಳೆದ ಮೇಲೆ ಅವರು ಇದನ್ನು ಬರೆಯಲು ಕೂತರು. ಅವರು ಕವಿ. ಅಧ್ಯಾಯಗಳು ಒಂದೆರಡು ಪುಟದವು, ವಾಕ್ಯಗಳು ಸಪ್ಪೆ, ನಡುವೆ ಖಾಲಿ ಜಾಗ. ಖಾಲಿ ಜಾಗ ಮೊದಲು ಕಿರಿಕಿರಿ ಮಾಡಿತು. ಇಂಥ ಪುಸ್ತಕಗಳ ಸೊಗಸುಗಾರಿಕೆ ನನಗೆ ಆಗಿಬರುವುದಿಲ್ಲ. ಎರಡನೆಯ ಓದಿನಲ್ಲಿ ತಿಳಿಯಿತು, ಅದು ಸೊಗಸಿಗಲ್ಲ. ಒಂದು ಘಟನೆಯಿಂದ ಇನ್ನೊಂದಕ್ಕೆ 'ಆದ್ದರಿಂದ' ಎಂಬ ಸೇತುವೆ ಕಟ್ಟಲು ಅವರು ಒಪ್ಪುವುದಿಲ್ಲ. ಯಾಕೆ ಬಂತೋ ತಿಳಿಯದ, ಯಾಕೆ ಹೋಯಿತೋ ತಿಳಿಯದ ರೋಗಕ್ಕೆ ಆ ಪದ ಹೊಂದುವುದಿಲ್ಲ. ಪತ್ತೇದಾರಿ ನಿಂತಿರುವುದೇ ಆ ಪದದ ಮೇಲೆ.

ಹಾಗಿದ್ದೂ ಮ್ಯಾಂಗುಸೊ ರೆಮಿಷನ್‌ನಲ್ಲಿ ಕೂತು ರೋಗವನ್ನು ನೋಡುತ್ತಾರೆಯೇ ಹೊರತು ರೆಮಿಷನ್ನನ್ನೇ ತಿರುಗಿ ನೋಡುವುದು ಕಡಿಮೆ. ಅದು ಬರೆಯುವ ಮೇಜು ಮಾತ್ರ. ಮೇಜಿರುವ ಮನೆ ಕಾಣುವುದಿಲ್ಲ. ಮನೆಗೆ ಹೆಸರಿಟ್ಟವರು ಸಮಾಜಶಾಸ್ತ್ರಜ್ಞ ಆರ್ಥರ್ ಫ್ರ್ಯಾಂಕ್. ಹೃದಯಾಘಾತ, ಕ್ಯಾನ್ಸರ್ ಎರಡನ್ನೂ ನಲವತ್ತರ ಆಸುಪಾಸಿನಲ್ಲಿ ಕಂಡ ಅವರು, 'ದ ವೂಂಡೆಡ್ ಸ್ಟೋರಿಟೆಲ್ಲರ್' (1995) ಪುಸ್ತಕದಲ್ಲಿ ಚೆನ್ನಾಗಿದ್ದೂ ವಾಸಿಯಾದವರು ಅನ್ನಿಸಿಕೊಳ್ಳದವರನ್ನೆಲ್ಲ 'ರೆಮಿಷನ್ ಸಮಾಜ' ಎಂದು ಕರೆದರು. ಆರೋಗ್ಯವಂತರ ದೇಶದಲ್ಲಿ ನಾವು ವೀಸಾ ಮೇಲೆ ಇರುವವರು, ಆಗಾಗ ನವೀಕರಿಸಬೇಕು ಎಂಬ ಅರ್ಥದ ಮಾತು ಅಲ್ಲಿದೆ. ನಮಗೆ ವೀಸಾಕ್ಕಿಂತ ಹನ್ನೊಂದು ತಿಂಗಳ ಬಾಡಿಗೆ ಕರಾರು ಹತ್ತಿರ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಯೋಚಿಸುವವರಿಗೆ ಫ್ರ್ಯಾಂಕ್ ಹೇಳುವುದು ಬೇಗ ಅರ್ಥವಾಗುತ್ತದೆ.

ಕನ್ನಡದಲ್ಲಿ ಇಂಥದ್ದೇನೂ ಇಲ್ಲ ಅಂತ ಬರೆದು ಮುಗಿಸುವವಳಿದ್ದೆ. ಆಗ ತ್ರಿವೇಣಿಯವರ 'ಶರಪಂಜರ' ನೆನಪಾಯಿತು. ಪುಟ್ಟಣ್ಣ ಕಣಗಾಲರ ಸಿನಿಮಾದಿಂದಾಗಿ ಅದನ್ನು ನಾವೆಲ್ಲ ಕಲ್ಪನಾ ಅವರ ಮುಖವಾಗಿ, ಹುಚ್ಚಿನ ಕಥೆಯಾಗಿ ನೆನಪಿಟ್ಟುಕೊಂಡಿದ್ದೇವೆ. ಮತ್ತೆ ಓದಿ ನೋಡಿ. ಬಾಣಂತಿಯಾಗಿದ್ದಾಗ ಕಾವೇರಿಯ ಮನಸ್ಸು ಕದಡುವುದು, ಚಿಕಿತ್ಸೆ, ಇವೆಲ್ಲ ಪೀಠಿಕೆ. ನಿಜವಾದ ಕಾದಂಬರಿ ಇರುವುದು ಅವಳು ಗುಣವಾಗಿ ಮನೆಗೆ ಬಂದ ಮೇಲೆ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನಮಗೆ ಬರುವ ಯಾವ ಮಾಮೂಲು ಸಿಟ್ಟೂ ಅವಳ ಪಾಲಿಗೆ ಮಾಮೂಲಾಗಿ ಉಳಿದಿಲ್ಲ, ಎಲ್ಲವೂ ಲಕ್ಷಣ. ಗಂಡ ಸತೀಶನೂ ದೂರ ಸರಿದಿದ್ದಾನೆ. ಅವಳು ಮತ್ತೆ ಕುಸಿಯುತ್ತಾಳೆ. 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ ಲೇಖಕಿ ಇದನ್ನು ಕಂಡುಕೊಂಡಿದ್ದರು: ರೋಗ ಸುಮ್ಮನಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಸುತ್ತಲಿನವರ ಕೈಗೆ ಹೋಗುತ್ತದೆ.

ಕಾವೇರಿಯ ರೋಗ ಬೇರೆ, ನನ್ನದು ಬೇರೆ. ಆದರೆ ಕ್ಯಾಹಲನ್ ಪುಸ್ತಕ ಒಂದು ಪ್ರಶ್ನೆ ಎತ್ತುತ್ತದೆ, ತನ್ನಂಥ ಎಷ್ಟು ಜನ ಹೆಸರು ಸಿಗದೆ ಮಾನಸಿಕ ಆಸ್ಪತ್ರೆಗಳಲ್ಲಿ ಉಳಿದುಹೋದರೋ ಎಂದು. ಅದರ ಪಕ್ಕದಲ್ಲಿ 'ಶರಪಂಜರ' ಇಟ್ಟುಕೊಂಡು ಓದಿದಾಗ ಎರಡೂ ಬೇರೆಯಾಗಿ ಕಂಡವು. ಒಂದಕ್ಕೆ ಹೆಸರು ಸಿಕ್ಕಿತು, ನಂಬುವ ಅಪ್ಪ ಅಮ್ಮ ಇದ್ದರು. ಇನ್ನೊಂದಕ್ಕೆ ವಾಸಿಯಾಗಿದ್ದನ್ನು ನಂಬುವವರೇ ಸಿಗಲಿಲ್ಲ. ನನ್ನದು ಉಲ್ಟಾ ಕಷ್ಟ. ನಾನು ವಾಸಿಯಾಗಿದ್ದೇನೆ ಎಂದು ಎಲ್ಲರೂ ತೀರಾ ಬೇಗ ನಂಬಿಬಿಟ್ಟರು, ನಾನೂ ಸೇರಿ.

ಇಲ್ಲಿ ಆ ಪದದ ಹತ್ತಿರ ಮತ್ತೆ ಬರಬೇಕು. ನಮ್ಮ ಕಡೆ 'ಬಸ್ಸಿಗಿಂತ ರೈಲೇ ವಾಸಿ' ಅನ್ನುತ್ತೇವೆ. ವಾಸಿ ಎಂಬುದು ಹೋಲಿಕೆಯ ಮಾತು, ಪಕ್ಕದಲ್ಲಿ ಇನ್ನೊಂದಿಲ್ಲದೆ ನಿಲ್ಲುವುದಿಲ್ಲ. ಮೇಲಿನ ಮಹಡಿಯ ಆಜಿ 'ಆತಾ ಬರಂ ಆಹೇ ನಾ?' ಅಂತ ಕೇಳುತ್ತಾರೆ. ಮರಾಠಿಯ 'ಬರಂ' ಕೂಡ 'ಅದಕ್ಕಿಂತ ಇದು ಬರಂ' ಎನ್ನುವ ಕೆಲಸವನ್ನೇ ಮಾಡುತ್ತದೆ. ಪತ್ರಿಕೆಗಳ 'ಗುಣಮುಖ' ಇನ್ನೂ ಸೂಕ್ಷ್ಮ. ಗುಣದ ಕಡೆ ಮುಖ, ಅಷ್ಟೇ. ತಲುಪಿದೆ ಅಂತ ಅದು ಹೇಳುವುದಿಲ್ಲ. ಪದ ಇಲ್ಲ ಅಂತ ಆಟೋದಲ್ಲಿ ತೊದಲಿದ್ದು ನನ್ನ ತಪ್ಪು. ಪದ ಇತ್ತು, ನಾವು ಅದನ್ನು ಪೂರ್ಣವಿರಾಮದ ಹಾಗೆ ಬಳಸುತ್ತಾ ಬಂದಿದ್ದೇವೆ. ಮುಂದಿನ ಸಲ ಅಮ್ಮ ಕೇಳಿದಾಗ 'ಹೋದ ವರ್ಷಕ್ಕಿಂತ ವಾಸಿ' ಅಂದೆ. ಅವಳಿಗೆ ಅದು ಸಹಜವಾಗಿಯೇ ಕೇಳಿಸಿತು.

ತ್ರಿವೇಣಿಯವರ ಮೇಲೂ ನನ್ನದೊಂದು ಅಸಮಾಧಾನ ಉಳಿದಿದೆ. ಕಾವೇರಿಯನ್ನು ಅವರು ಮತ್ತೆ ಬೀಳಿಸಿದರು. ಸಮಾಜದ ತಪ್ಪು ಕಾಣಿಸಲು ಅದು ಬೇಕಿತ್ತು, ಸರಿ. ಆದರೆ ಬೀಳದೆ ಹತ್ತು ವರ್ಷ ನಡೆಯುವವರ ಪುಟಗಳು? ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬಿಳಿ ಕಣಗಳ ಲೆಕ್ಕ ನೋಡುವುದು, ಕೆಮ್ಮಿಗೆ ಹೋದ ಡಾಕ್ಟರಿಗೆ 'ಈ ಆ್ಯಂಟಿಬಯೋಟಿಕ್ ನನಗಾಗಲ್ಲ' ಅಂತ ಚೀಟಿ ತೋರಿಸುವುದು, ಸಂಜೆ ಕನ್ನಡಿಯಲ್ಲಿ ರೆಪ್ಪೆ ನೋಡಿಕೊಂಡು ಇದು ಸುಸ್ತೋ ಅದೋ ಅಂತ ಲೆಕ್ಕ ಹಾಕುವುದು. ಈ ಪುಸ್ತಕಗಳಲ್ಲಿ ಯಾವುದೂ ಅಲ್ಲಿ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ.

ಇದನ್ನು ಹೋದ ಭಾನುವಾರ ದೊಡ್ಡಮ್ಮನಿಗೆ ಹೇಳಿದೆ. ತ್ರಿವೇಣಿಯವರ ಎಲ್ಲವನ್ನೂ ಹರೆಯದಲ್ಲೇ ಓದಿ ಮುಗಿಸಿದವರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಾವೇರಿ ಹುಷಾರಾಗೇ ಇದ್ದು ಹುಳಿ ಕುದಿಸ್ಕೊಂಡು, ಮಾತ್ರೆ ನುಂಗ್ಕೊಂಡು ಇದ್ದಿದ್ರೆ ಅದನ್ನ ಯಾರೇ ಓದ್ತಿದ್ರು?' ಅಂದರು.

'ನಾನು ಓದ್ತಿದ್ದೆ ದೊಡ್ಡಮ್ಮ' ಅಂದೆ.

'ಹೂಂ. ಇವತ್ತಿಂದು ನುಂಗಿದ್ಯಾ?'