ಗ್ರೌಸ್ ಗುಡ್ಡದ ನಾಯಿ

ಆಗಸ್ಟ್ 12 ಸಮೀಪಿಸುತ್ತಿರಲು ಸ್ಕಾಟ್‌ಲೆಂಡಿನ ಗುಡ್ಡಗಳನ್ನು ಬಿಟ್ಟು ಬೇರೊಂದು ವಿಷಯವನ್ನೆತ್ತಿಕೊಳ್ಳುವುದು ಈ ಅಂಕಣದ ರೂಢಿಯಲ್ಲ. ಹೀದರ್ ಪೊದೆಗಳು ಹೂತು ಬೆಟ್ಟದ ಮೈಯೆಲ್ಲ ನೇರಳೆಯಾಗುವ ಈ ವಾರದಲ್ಲಿ ಅಲ್ಲಿಯ ಶಾಸನವು ಗ್ರೌಸ್ ಹಕ್ಕಿಯ ಬೇಟೆಗೆ ಬಾಗಿಲು ತೆರೆಯುತ್ತದೆ. ಡಿಸೆಂಬರ್ 10ರಂದು ಮತ್ತೆ ಮುಚ್ಚುತ್ತದೆ. 1972ರ ವನ್ಯಜೀವಿ ಕಾಯಿದೆಯ ತರುವಾಯ ಸ್ವದೇಶದ ಹಳುವಿನಲ್ಲಿ ಕೋವಿಯನ್ನು ಕೆಳಗಿರಿಸಿದ ನಮ್ಮಂಥವರಿಗೆ, ಮತ್ತು ಹಾಗೆ ಇರಿಸಿದ್ದು ಯುಕ್ತವೆಂದು ನಂಬಿರುವ ನನ್ನಂಥವರಿಗೆ, ಈ ವಿದ್ಯೆಯ ರಸವು ಆ ದೂರದ ಗುಡ್ಡಗಳಲ್ಲಿಯೂ ಅದನ್ನು ಕುರಿತ ಗ್ರಂಥಗಳಲ್ಲಿಯೂ ಉಳಿದುಕೊಂಡಿದೆ. ಒದ್ದೆಯಾದ ಎತ್ತರದ ನೆಲಕ್ಕೆ ಪಾಯಿಂಟರ್ ಲೇಸೋ, ಗೋರ್ಡನ್ ಸೆಟ್ಟರ್ ಲೇಸೋ ಎಂಬ ಹಳೆಯ ವಿವಾದವನ್ನು ಈ ವಾರ ಇತ್ಯರ್ಥಗೊಳಿಸುವೆನೆಂದು ಕಳೆದ ವಾರ ಮಾತು ಕೊಟ್ಟಿದ್ದೆ.

ಪಾಯಿಂಟರ್ ಸ್ಪೇನ್ ಮೂಲದ ರಕ್ತ; ಅದರ ತೆಳುಗೂದಲು ಬಿಸಿಲಿಗೆ ಅನುಕೂಲ, ಅದರ ಓಟದ ವೇಗವೂ ತಲೆಯೆತ್ತಿ ಗಾಳಿಯನ್ನು ಅರಸುವ ಠೀವಿಯೂ ನೋಡಿದವರ ಮನಸ್ಸನ್ನು ಸೆಳೆಯತಕ್ಕವು. ಕಪ್ಪು ಮೈಗೆ ಕಂದುಗೆಂಪಿನ ಅಂಚುಳ್ಳ ಗೋರ್ಡನ್ ಸೆಟ್ಟರ್, ಗೋರ್ಡನ್ ವಂಶದ ನಾಲ್ಕನೆಯ ಡ್ಯೂಕ್ ಅಲೆಕ್ಸಾಂಡರನು (1743–1827) ತನ್ನ ಕೋಟೆಯ ನಾಯಿಮನೆಯಲ್ಲಿ ಪೋಷಿಸಿ ಪ್ರಸಿದ್ಧಿಗೆ ತಂದ ತಳಿ. ವೇಗದಲ್ಲಿ ಒಂದು ಹೆಜ್ಜೆ ಹಿಂದಾದರೂ ದಿನವಿಡೀ ದುಡಿಯುವ ಸಹನೆಯಲ್ಲಿ ಅದಕ್ಕೆ ಸಮಾನರು ವಿರಳ. ಬಿಳಿಯ ಮೈಯ ಇಂಗ್ಲಿಷ್ ಸೆಟ್ಟರನ್ನು ಬೆಳೆಸಿದ ಎಡ್ವರ್ಡ್ ಲ್ಯಾವರಕ್, 1825ರಲ್ಲಿ ಪಾದ್ರಿಯೊಬ್ಬರಿಂದ ಪಡೆದ ಪಾಂಟೋ ಮತ್ತು ಮಾಲ್ ಎಂಬ ಒಂದೇ ಜೋಡಿಯ ಸಂತಾನವನ್ನು ಅರ್ಧ ಶತಮಾನ ಪರ್ಯಂತ ತನ್ನೊಳಗೇ ಕೂಡಿಸುತ್ತ ಬಂದೆನೆಂದು ಹೇಳಿಕೊಂಡ. 1872ರಲ್ಲಿ ಅವನು ಪ್ರಕಟಿಸಿದ ‘ದಿ ಸೆಟ್ಟರ್’ ಎಂಬ ಚಿಕ್ಕ ಪುಸ್ತಕವನ್ನು ನಾನು ಇಂದಿಗೂ ಗೌರವದಿಂದ ತೆರೆಯುತ್ತೇನೆ. ಅವನ ವಂಶಾವಳಿಯ ಲೆಕ್ಕವನ್ನು ಪೂರ್ಣವಾಗಿ ನಂಬುವುದು ಕಷ್ಟ. ಆದರೆ ತನ್ನ ನಾಯಿಗಳೊಡನೆ ಗುಡ್ಡ ಹತ್ತಿ ಇಳಿದವನ ಅನುಭವ ಅದರಲ್ಲಿದೆ.

ಆ ಅನುಭವವನ್ನು ಕೆಡಿಸಿದ್ದು ಪ್ರದರ್ಶನದ ಚಾಪಲ್ಯ. 1859ರಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ನಡೆದ ಪ್ರಥಮ ಶ್ವಾನಪ್ರದರ್ಶನಕ್ಕೆ ಪಾಯಿಂಟರ್ ಮತ್ತು ಸೆಟ್ಟರುಗಳಿಗೆ ಮಾತ್ರವೇ ಪ್ರವೇಶವಿತ್ತು. ಬೇಟೆಗಾರರ ಕೂಟವಾಗಿ ಆರಂಭವಾದದ್ದು ಕ್ರಮೇಣ ರೋಮದ ನುಣುಪು, ತಲೆಯ ಆಕಾರ, ಬಾಲದ ಓರೆಗಳ ಪರೀಕ್ಷೆಯಾಗಿ ಪರಿಣಮಿಸಿತು. ನಾಯಿಯ ಮೂಗನ್ನು ಅಳೆಯುವ ಸಾಧನ ಯಾವ ತೀರ್ಪುಗಾರನ ಕೈಯಲ್ಲಿಯೂ ಇಲ್ಲ. ಆರು ವರ್ಷಗಳ ಅನಂತರ, 1865ರಲ್ಲಿ, ಬೆಡ್‌ಫರ್ಡ್‌ಷೈರಿನ ಸೌತ್‌ಹಿಲ್‌ನಲ್ಲಿ ಬಯಲಿನ ಕೆಲಸದ ಪರೀಕ್ಷೆಗಳು ಪ್ರಾರಂಭವಾದದ್ದರಿಂದಲೇ ಈ ತಳಿಗಳು ಬದುಕಿಕೊಂಡವೆಂದು ನಾನು ಭಾವಿಸುತ್ತೇನೆ. ಪ್ರದರ್ಶನದ ಕಣದಲ್ಲಿ ಬಹುಮಾನ ಪಡೆದ ಗೋರ್ಡನ್ನಿನ ಭಾರವಾದ ಮೈಯನ್ನೂ ಬೆಟ್ಟದ ಮೇಲೆ ದುಡಿಯುವ ಗೋರ್ಡನ್ನಿನ ಸಪೂರ ಮೈಯನ್ನೂ ಒಟ್ಟಿಗೆ ನೋಡಿದವರಿಗೆ ಹೆಚ್ಚಿನ ಸಾಕ್ಷ್ಯ ಬೇಡ.

ಈ ನಾಯಿ ಮಾಡತಕ್ಕ ಕೆಲಸವಾದರೂ ಎಂಥದು! ಎದುರುಗಾಳಿಗೆ ಬಿಟ್ಟೊಡನೆ ಅದು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ, ಹೊಲ ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗುವಂತೆ ತಿರುಗುತ್ತ, ಇಡೀ ಇಳಿಜಾರನ್ನು ಪಟ್ಟೆಪಟ್ಟೆಯಾಗಿ ಸೋಸಿಕೊಂಡು ಮುಂದೆ ಹೋಗುತ್ತದೆ. ಗಾಳಿಯಲ್ಲಿ ಗ್ರೌಸಿನ ಒಂದೆಳೆ ಗಂಧ ತಾಗಿದ ಕ್ಷಣದಲ್ಲಿ, ಓಡುತ್ತಿದ್ದ ಅಷ್ಟೂ ವೇಗವನ್ನು ಒಮ್ಮೆಲೇ ನುಂಗಿಕೊಂಡು, ಒಂದು ಕಾಲನ್ನೆತ್ತಿದ್ದರೆ ಎತ್ತಿದಂತೆಯೇ, ಸ್ತಬ್ಧವಾಗಿ ನಿಂತುಬಿಡುತ್ತದೆ. ದೂರದಲ್ಲಿದ್ದ ಎರಡನೆಯ ನಾಯಿ ತಾನು ಏನನ್ನೂ ಮೂಸದಿದ್ದರೂ ಮೊದಲನೆಯದರ ನಿಲುವನ್ನು ನೋಡಿದ ಮಾತ್ರಕ್ಕೆ ಅದರ ಮಾತಿಗೆ ಬೆಲೆ ಕೊಟ್ಟು ತಾನೂ ಅಲುಗದೆ ನಿಲ್ಲುತ್ತದೆ. ಕೋವಿಯವರು ಇಕ್ಕೆಲಗಳಲ್ಲಿ ನಡೆದು ಬಂದ ಮೇಲೆಯೇ, ಅಪ್ಪಣೆ ಪಡೆದು, ಅದು ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುವುದು. ಆಗ ಕಾಲಡಿಯ ಪೊದೆಯಿಂದ ಇಡೀ ಸಂಸಾರ ರೆಕ್ಕೆ ಬಡಿದು ಮೇಲೇಳುತ್ತದೆ. ಹುಂಜ ತನ್ನ ಗಂಟಲಿನ ಕರ್ಕಶವಾದ ಕೂಗನ್ನು ಗಾಳಿಗೆ ಬಿಟ್ಟು ದಿಬ್ಬದಾಚೆಗೆ ಜಾರುತ್ತದೆ. ಹಕ್ಕಿ ಎದ್ದರೂ ಈಡು ಸಿಡಿದರೂ ನಾಯಿ ಮಾತ್ರ ಬೆನ್ನಟ್ಟದೆ ನೆಲ ಹಿಡಿದಿರಬೇಕು. ಮನುಷ್ಯನೂ ಪ್ರಾಣಿಯೂ ಕೂಡಿ ಕಟ್ಟಿದ ವಿದ್ಯೆಗಳಲ್ಲಿ ಇದಕ್ಕಿಂತ ಶ್ರೇಷ್ಠವಾದದ್ದನ್ನು ನಾನು ಕಂಡಿಲ್ಲ.

ಈ ವಿದ್ಯೆಯನ್ನು ಮೂಲೆಗುಂಪು ಮಾಡಿದವರು ಸೋವುವ ಪಂಥದವರು. ನಮ್ಮ ಮಲೆನಾಡಿನಲ್ಲಿ ಹಳು ಸೋವಿ ಬಿಲ್ಲಿಗೆ ಕೂತ ಕೋವಿಯವರ ಮುಂದಕ್ಕೆ ಮಿಗವನ್ನು ಹೊರಡಿಸುತ್ತಿದ್ದುದುಂಟಷ್ಟೆ; ಅಲ್ಲಿ ದಟ್ಟ ಕಾಡು ಮನುಷ್ಯನ ಕಣ್ಣಿಗೆ ಅಡ್ಡವಾಗಿದ್ದುದರಿಂದ ಆ ಕ್ರಮಕ್ಕೆ ಕಾರಣವಿತ್ತು. ಮರವಿಲ್ಲದ ಬೋಳುಗುಡ್ಡದಲ್ಲಿ ಅದೇ ಕ್ರಮವನ್ನು ಹಿಡಿದದ್ದು ಹತ್ತೊಂಬತ್ತನೆಯ ಶತಮಾನದ ಯಂತ್ರವೇಗದ ಫಲ. ಕೇಪಿನ ಕೋವಿ ಹೋಗಿ ಹಿಂದಿನಿಂದ ತೋಟಾ ತುಂಬುವ ಕೋವಿ ಬಂತು. 1852ರಲ್ಲಿ ಬಾಲ್ಮೋರಲ್ ಎಸ್ಟೇಟು ರಾಜಮನೆತನದ ಸ್ವಾಧೀನವಾದ ಮೇಲೆ ಗುಡ್ಡಗಾಡಿಗೆ ಹೋಗುವುದೇ ಪ್ರತಿಷ್ಠೆಯಾಯಿತು. 1863ರಲ್ಲಿ ರೈಲು ಪರ್ತ್‌ನಿಂದ ಬೆಟ್ಟಗಳನ್ನು ದಾಟಿ ಇನ್ವರ್ನೆಸ್ ಮುಟ್ಟಿತು. ಕಲ್ಲು ಮತ್ತು ಹುಲ್ಲುಹೆಂಟೆಗಳಿಂದ ಕಟ್ಟಿದ ಮರೆಗಳಲ್ಲಿ ಸಾಲಾಗಿ ನಿಂತವರ ತಲೆಯ ಮೇಲೆ, ಬಾವುಟ ಬೀಸುವ ಸೋವಿನವರು ಹಕ್ಕಿಗಳನ್ನು ಹಾರಿಸತೊಡಗಿದರು. ನಾಯಿಗೆ ಉಳಿದ ಕೆಲಸ ಬಿದ್ದುದನ್ನು ಹೆಕ್ಕುವುದು.

ಇದರ ಪರಿಣಾಮ ದಾಖಲೆಗಳ ಪಿಪಾಸೆ. 1888ರ ಆಗಸ್ಟ್ 30ರಂದು ಯಾರ್ಕ್‌ಷೈರಿನ ಬ್ಲಬರ್‌ಹೌಸಸ್ ಗುಡ್ಡದಲ್ಲಿ ಲಾರ್ಡ್ ವಾಲ್ಸಿಂಗ್‌ಹ್ಯಾಮ್ ಒಬ್ಬನೇ ಒಂದೇ ದಿನದಲ್ಲಿ 1,070 ಗ್ರೌಸುಗಳನ್ನು ಕೆಡವಿದ. ಯುರೋಪು ಯುದ್ಧದಲ್ಲಿ ಬೇಯುತ್ತಿದ್ದ 1915ರ ಆಗಸ್ಟ್ 12ರಂದು ಲ್ಯಾಂಕಾಷೈರಿನ ಅಬೀಸ್ಟೆಡ್ ಎಸ್ಟೇಟಿನಲ್ಲಿ ಎಂಟು ಕೋವಿಗಳಿಗೆ 2,929 ಹಕ್ಕಿಗಳು ಬಲಿಯಾದವು. ವಾಲ್ಸಿಂಗ್‌ಹ್ಯಾಮನನ್ನು ಕುರಿತು ನನಗೆ ವಿಶೇಷ ವ್ಯಥೆಯಿದೆ. ಉಗುರಿನಷ್ಟೂ ದೊಡ್ಡದಲ್ಲದ ಪತಂಗಗಳನ್ನು ಜೀವಮಾನವೆಲ್ಲ ಸಂಗ್ರಹಿಸಿ, ವರ್ಗೀಕರಿಸಿ, ಆ ಅಮೂಲ್ಯ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ವಿದ್ವಾಂಸ ಆತ. ಅಂಥ ಸೂಕ್ಷ್ಮದೃಷ್ಟಿಯವನನ್ನೂ ಆ ಮರೆಯ ಕಲ್ಲುಗೋಡೆ ಎಣಿಕೆಯ ದಾಸನನ್ನಾಗಿ ಮಾಡಿತು.

ಪ್ರತಿಪಕ್ಷದ ವಾದವನ್ನೂ ಹೇಳಬೇಕಾದದ್ದು ನ್ಯಾಯ. ಸೆಪ್ಟೆಂಬರ್ ಕಳೆದಂತೆ ಗ್ರೌಸುಗಳು ದೊಡ್ಡ ಹಿಂಡುಗಳಾಗಿ ಕೂಡಿ, ನಾಯಿಯನ್ನು ಹತ್ತಿರಕ್ಕೆ ಬಿಟ್ಟುಕೊಳ್ಳದೆ ದೂರದಿಂದಲೇ ಎದ್ದುಬಿಡುತ್ತವೆ. ಆಗ ಸೋವಿದ ಹೊರತು ಉಪಾಯವಿಲ್ಲ. ಸೋವಿದಾಗ ಮುಂದಾಳುಗಳಾಗಿ ಹಾರುವ ಮುದಿ ಹುಂಜಗಳೇ ಮೊದಲು ಬೀಳುವುದರಿಂದ ಗುಡ್ಡಕ್ಕೆ ಹಿತವೆಂದೂ ಅವರು ಹೇಳುತ್ತಾರೆ. ಮೊದಲನೆಯದನ್ನು ಒಪ್ಪುತ್ತೇನೆ, ಎದ್ದು ಹೋಗಬಲ್ಲ ಹಕ್ಕಿ ಹೋಗಲಿ, ಅದು ಗೆದ್ದಿತು. ಎರಡನೆಯದರಲ್ಲಿ ಸತ್ಯಾಂಶವಿದ್ದರೂ, ಆ ಹಿತವು ಬೇಡುವ ಬೆಲೆಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ದಿನದ ಸೋವಿಗೆ ಸಾಕಾಗುವಷ್ಟು ದಟ್ಟವಾಗಿ ಹಕ್ಕಿಗಳನ್ನು ಬೆಳೆಸಬೇಕೆಂಬ ಹಟವೇ ಹೆನ್ ಹ್ಯಾರಿಯರ್‌ನಂಥ ರಾಜಠೀವಿಯ ಗಿಡುಗವನ್ನು ಕಾನೂನಿಗೆ ವಿರುದ್ಧವಾಗಿ, ಕದ್ದು ಕೊಲ್ಲುವ ಅಪಕೀರ್ತಿಯನ್ನು ಈ ಬೇಟೆಗೆ ತಂದದ್ದು. 2024ರಲ್ಲಿ ಸ್ಕಾಟ್‌ಲೆಂಡಿನ ಶಾಸನಸಭೆ ಗ್ರೌಸ್ ಬೇಟೆಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದ್ದೂ ಬಹುಮಟ್ಟಿಗೆ ಆ ಕಾರಣದಿಂದಲೇ. ನಾಯಿಯ ಹಿಂದೆ ನಡೆಯುವವನಿಗೆ ವಿರಳವಾದ ಹಕ್ಕಿಗಳೇ ಸಾಕು. ಗಿಡುಗದೊಡನೆ ಹಂಚಿಕೊಂಡು ಬಾಳಲು ಅವನಿಗೆ ಕಷ್ಟವಿಲ್ಲ.

ಇಂಥ ಪ್ರಸಂಗಗಳಲ್ಲಿ ನಾನು ಆಶ್ರಯಿಸುವುದು ಕುಮಾವೂಂ ಬೆಟ್ಟಗಳ ಅರಸು ರುದ್ರದೇವನನ್ನು. ಹದಿನಾರನೆಯ ಶತಮಾನದಲ್ಲಿ ಆತ ರಚಿಸಿದ ‘ಶ್ಯೈನಿಕಶಾಸ್ತ್ರ’ವನ್ನು ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಸಂಪಾದಿಸಿ ಕಲ್ಕತ್ತೆಯಿಂದ ಪ್ರಕಟಿಸಿದರು. ನಮ್ಮ ಕಲ್ಯಾಣದ ಸೋಮೇಶ್ವರನೂ ‘ಮಾನಸೋಲ್ಲಾಸ’ದಲ್ಲಿ ಡೇಗೆಯ ಬೇಟೆಯನ್ನು ರಾಜವಿನೋದಗಳ ನಡುವೆ ಇರಿಸಿದ್ದಾನೆ, ಆದರೆ ರುದ್ರದೇವ ಅದಕ್ಕಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟ ಪರ್ವತವಾಸಿ. ಆತ ಮೊದಲಿಗೆ ಎತ್ತಿಕೊಳ್ಳುವುದು ಬೇಟೆಯ ಪ್ರಶಂಸೆಯನ್ನಲ್ಲ, ವ್ಯಸನಗಳ ವಿಚಾರವನ್ನು. ಶಾಸ್ತ್ರಕಾರರು ನಿಂದಿಸಿದ ವ್ಯಸನಗಳನ್ನು ಒಂದೊಂದಾಗಿ ಮುಂದಿರಿಸಿಕೊಂಡು, ಅವುಗಳನ್ನು ಸಂಪೂರ್ಣವಾಗಿ ತೊರೆದವನಿಗೆ ಲೋಕವ್ಯವಹಾರವೇ ಸಾಗದೆಂದೂ, ಆಸಕ್ತಿ ಮಿತಿಯನ್ನು ಮೀರಿದಾಗಲೇ ಅವು ದೋಷಗಳಾಗುವುವೆಂದೂ ಪ್ರತಿಪಾದಿಸುತ್ತಾನೆ. ಆ ಬಳಿಕ ಮೃಗಯೆಯನ್ನು ಎಂಟು ಬಗೆಯಾಗಿ ವಿಂಗಡಿಸಿ, ಡೇಗೆಯ ಬೇಟೆಯ ಬಳಿ ಬಂದು ನಿಲ್ಲುತ್ತಾನೆ. ಅಲ್ಲಿ ಹಕ್ಕಿಯ ಜಾತಿ, ಪಳಗಿಸುವ ಕ್ರಮ, ಋತುವಿಗೆ ತಕ್ಕ ಆಹಾರ, ಗರಿ ಉದುರುವ ಕಾಲದ ಆರೈಕೆ, ರೋಗ, ಔಷಧ ಇವುಗಳಿಗೆ ಅವನು ಕೊಟ್ಟಿರುವ ಸ್ಥಳವನ್ನು ನೋಡಿದರೆ, ಕೊಲ್ಲುವುದಕ್ಕಿಂತ ಕಾಪಾಡುವುದೇ ಬೇಟೆಯ ದೀರ್ಘವಾದ ಭಾಗವೆಂಬುದು ತಾನಾಗಿಯೇ ವೇದ್ಯವಾಗುತ್ತದೆ.

ರೋಗ, ಔಷಧವೆಂದೊಡನೆ ನನ್ನ ಲೇಖನಿ ಮತ್ತೊಂದು ಕಡೆಗೆ ಎಳೆಯುತ್ತಿದೆ. ನಾಯಿಗಳ ತೀರ್ಪು ಕಾಯಬಹುದು. ಗ್ರೌಸುಗಳು ಕೆಲವು ವರ್ಷಗಳಿಗೊಮ್ಮೆ ವಸಂತದಲ್ಲಿ ಗುಡ್ಡಗುಡ್ಡವೇ ಬರಿದಾಗುವಂತೆ ಸಾಯುತ್ತಿದ್ದುದರ ಕಾರಣವನ್ನು ಶೋಧಿಸಲು ಲಾರ್ಡ್ ಲೋವಟ್‌ನ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಏರ್ಪಟ್ಟಾಗ, ಬಯಲಿನ ಶೋಧನೆಗೆ 1905ರಲ್ಲಿ ನಿಯುಕ್ತನಾದವನು ಎಡ್ವರ್ಡ್ ವಿಲ್ಸನ್. ಅಂಟಾರ್ಕ್ಟಿಕದ ಮೊದಲ ಯಾತ್ರೆಯಿಂದ ಆಗತಾನೇ ಹಿಂದಿರುಗಿದ್ದ ವೈದ್ಯ, ಚಿತ್ರಕಾರ, ಪಕ್ಷಿತಜ್ಞ. ಸತ್ತ ಹಕ್ಕಿಗಳನ್ನು ಬಗೆದು ಕರುಳನ್ನು ಪರೀಕ್ಷಿಸುತ್ತ, ಅವುಗಳ ಗರಿಯ ವರ್ಣಭೇದಗಳನ್ನು ತನ್ನ ಕುಂಚದಿಂದಲೇ ಬಿಡಿಸುತ್ತ, ಆತ ವರ್ಷಗಟ್ಟಲೆ ಆ ಗುಡ್ಡಗಳನ್ನು ಅಲೆದ. ಗ್ರೌಸಿನ ಕುರುಡುಗರುಳಿನಲ್ಲಿ ನೆಲೆಸುವ ಕೂದಲೆಳೆಯಂಥ ಹುಳುವೇ ಈ ಮಾರಿಯ ಮೂಲವೆಂದು ಸಮಿತಿ ನಿರ್ಣಯಿಸಿತು. ಹುಳುವಿನ ಮರಿಗಳು ಒದ್ದೆಯಾದ ಹೀದರ್ ಚಿಗುರಿಗೆ ಹತ್ತಿ, ಚಿಗುರನ್ನು ತಿಂದ ಹಕ್ಕಿಯ ಒಡಲನ್ನು ಸೇರುತ್ತವೆ. 1911ರಲ್ಲಿ ಎರಡು ಸಂಪುಟಗಳಾಗಿ ಆ ವರದಿ ಹೊರಬಿದ್ದಾಗ ವಿಲ್ಸನ್ ಯಾತ್ರೆಯ ನಾಯಕ ಸ್ಕಾಟನೊಡನೆ ಮತ್ತೆ ದಕ್ಷಿಣ ಧ್ರುವದ ಮಂಜಿನಲ್ಲಿದ್ದ. ಮುಂದಿನ ಮಾರ್ಚ್ ತಿಂಗಳಲ್ಲಿ ಅವರಿಬ್ಬರೂ ಒಂದೇ ಡೇರೆಯಲ್ಲಿ ಮಡಿದರು. ಆತನನ್ನು ಧ್ರುವಯಾತ್ರಿಯೆಂದು ಬಲ್ಲವರು ಲಕ್ಷಾಂತರ; ಗ್ರೌಸಿನ ವೈದ್ಯನೆಂದು ಬಲ್ಲವರು ನಮ್ಮ ಬಳಗದವರಷ್ಟೇ.

ಈ ಹುಳುವಿನ ಕಥೆಗೆ ಎಂಬತ್ತು ವರ್ಷಗಳ ಅನಂತರ ಸೇರಿದ ಅಧ್ಯಾಯವೇ ನನ್ನನ್ನು ಈ ದಾರಿಗೆ ಎಳೆದದ್ದು. ಪೀಟರ್ ಹಡ್ಸನ್ ಮತ್ತು ಸಂಗಡಿಗರು ಕೆಲವು ಹೇಂಟೆಗಳಿಗೆ ಹುಳುನಾಶಕ ಔಷಧವನ್ನು ಕೊಟ್ಟು, ಕೆಲವಕ್ಕೆ ಕೊಡದೆ, ಅವು ಕಾವಿಗೆ ಕೂತ ಕಾಲದಲ್ಲಿ ಪಳಗಿದ ನಾಯಿಗಳನ್ನು ಗುಡ್ಡಕ್ಕೆ ಬಿಟ್ಟರು. ಔಷಧ ಪಡೆದ ಹೇಂಟೆಗಳು ನಾಯಿಯ ಮೂಗಿಗೆ ಸಿಕ್ಕಿದ್ದು ಕಡಿಮೆ. ಆರೋಗ್ಯವಂತ ಹೇಂಟೆ ಕಾವಿಗೆ ಕೂತಾಗ ಕುರುಡುಗರುಳಿನ ನಾರುವ ಮಲವನ್ನು ಹೊರಬಿಡದೆ ತನ್ನ ಗಂಧವನ್ನು ಬಹುವಾಗಿ ಅಡಗಿಸಿಕೊಳ್ಳುತ್ತದೆ. ಅದೇ ಕರುಳನ್ನು ಕೊರೆಯುವ ಹುಳು ಆ ಸಂಯಮವನ್ನು ಕೆಡಿಸಿ, ಅದರ ಗೂಡನ್ನು ನರಿಗೆ ಹೇಳಿಕೊಡುತ್ತದೆಂಬುದು ಅವರ ತರ್ಕ. ಈ ಪರೀಕ್ಷೆಯನ್ನು ಅವರು 1992ರಲ್ಲಿ ಪ್ರಕಟಿಸಿದರು. ವಿಲ್ಸನ್ ಹಕ್ಕಿಯ ಕರುಳನ್ನು ಸೀಳಿ ಕಂಡದ್ದನ್ನು ಸೆಟ್ಟರ್ ಬದುಕಿರುವ ಹಕ್ಕಿಯಲ್ಲಿ, ಗಾಳಿಯ ಮೂಲಕ, ಅದರ ಒಂದು ಗರಿಯನ್ನೂ ಮುಟ್ಟದೆ ಗ್ರಹಿಸಬಲ್ಲುದು! ನಾಯಿಯ ಮೂಗನ್ನು ಕುರಿತು ಲ್ಯಾವರಕ್ ತನ್ನ ಅಭಿಮಾನದಲ್ಲಿಯೂ ಇಷ್ಟನ್ನು ಊಹಿಸಿರಲಾರ.

ಇದನ್ನು ಹೇಳಿದ ಮೇಲೆ ಮತ್ತೊಂದು ಮತವನ್ನೂ ಸೂಚಿಸಬೇಕು. 1956ರಿಂದ ಆಂಗಸ್ ಪ್ರಾಂತದ ಗ್ಲೆನ್ ಎಸ್ಕ್ ಕಣಿವೆಯಲ್ಲಿ ದುಡಿದ ಜೆಂಕಿನ್ಸ್, ವಾಟ್ಸನ್ ಮೊದಲಾದವರು, ಶರತ್ಕಾಲದಲ್ಲಿ ಹುಂಜಗಳು ಪರಸ್ಪರ ಹೋರಾಡಿ ಗುಡ್ಡವನ್ನು ಹಂಚಿಕೊಳ್ಳುವುದರಿಂದಲೇ ಮುಂದಿನ ವರ್ಷದ ಸಂಖ್ಯೆ ನಿರ್ಧಾರವಾಗುತ್ತದೆಂದೂ, ನೆಲೆ ದೊರೆಯದವು ಚಳಿಗಾಲದಲ್ಲಿ ಬಹುತೇಕ ಅಳಿಯುವುವೆಂದೂ ಸ್ಥಾಪಿಸಿದರು. ಹುಳುವಿನ ಪಂಥಕ್ಕೂ ನೆಲೆಯ ಪಂಥಕ್ಕೂ ನಡೆದ ವಾಗ್ವಾದ ದೀರ್ಘವಾದದ್ದು; ಎರಡೂ ತಂತಮ್ಮ ಗುಡ್ಡಗಳಲ್ಲಿ ನಿಜವಿರಬೇಕೆಂದು ನನ್ನ ನಂಬಿಕೆ. ಆದರೆ ಎರಡೂ ಪಂಥದವರು ಬದುಕಿದ ಹಕ್ಕಿಯನ್ನು ಎಣಿಸಲು ನಂಬಿದ್ದು ಗಾಳಿ ಹಿಡಿದು ನಿಲ್ಲುವ ನಾಯಿಗಳನ್ನೇ. ಸೋವುವ ಪಂಥದವರೂ ಇದಕ್ಕೆ ಹೊರತಲ್ಲ. ಮಾರ್ಚಿನಲ್ಲಿ ಜೋಡಿಗಳನ್ನೂ ಜುಲೈಯಲ್ಲಿ ಮರಿಗಳನ್ನೂ ಎಣಿಸಲು ಅವರ ಗುಡ್ಡಗಳ ಮೇಲೂ ಪಾಯಿಂಟರ್, ಸೆಟ್ಟರುಗಳೇ ಓಡಬೇಕು. ಆ ಎಣಿಕೆ ಬಡವಾಗಿದ್ದ ವರ್ಷ ವಿವೇಕಿಯಾದ ಮಾಲೀಕ ಬೇಟೆಯ ದಿನಗಳನ್ನು ರದ್ದುಮಾಡುತ್ತಾನೆ. ಆದ್ದರಿಂದ ಈ ತಿಂಗಳು ಅತ್ತ ಹೋಗಲಿರುವ ಓದುಗರು ಕೋವಿಯ ಬಾಡಿಗೆಯನ್ನು ವಿಚಾರಿಸುವ ಮೊದಲು ಜುಲೈ ಎಣಿಕೆಯ ಪುಸ್ತಕವನ್ನು ತೋರಿಸುವಂತೆ ಕೇಳಬೇಕು. ಹೇಂಟೆಯೊಂದಕ್ಕೆ ಎಷ್ಟು ಮರಿಗಳು ಉಳಿದಿವೆ, ಯಾವ ಇಳಿಜಾರಿನಲ್ಲಿ ನಾಯಿಗಳು ನಿಂತವು, ಯಾವುದರಲ್ಲಿ ನಿಲ್ಲದೆ ದಾಟಿ ಹೋದವು ಎಂಬುದನ್ನು ಓದಿಕೊಂಡು, ನಿಲ್ಲದೆ ದಾಟಿದ ಇಳಿಜಾರನ್ನು ಈ ವರ್ಷ ಹಕ್ಕಿಗಳಿಗೇ ಬಿಟ್ಟುಬಿಡಬೇಕು.